ಯಾದಿಯೊಳಗಿನ ಮೂರನೇ ಬಟ್ಟಲ

ಮೊನ್ನೆ ಹಿತ್ತಾಳಿ ಸಾಮಾನು ತಿಕ್ಕಲಿಕ್ಕೆ ಕೂತಿದ್ದೆ. ಹುಣಸಿಹಣ್ಣಿನ ಹುಳಿ, ಬೂದಿ, ಒದ್ದಿ ಹಿತ್ತಾಳಿಯ ಆ ಒಂದು ವಾಸನಿ... ಟ್ರಂಕಿನ ತಳದಾಗಿಂದ ಮೂರು ಬಟ್ಟಲ ಹೊರಗ ಬಂದ್ವು. ಎರಡರ ಅಂಚು ಸೊಟ್ಟ ಆಗ್ಯಾವ, ತಳಕ್ಕ ಕಲ್ಲಿನ ಗೀರು ಬಿದ್ದಾವ. ಮೂರನೇದು ಮಾತ್ರ ನಿನ್ನೆ ಅಂಗಡಿಯಿಂದ ತಂದಂಗ ಅದ. ಅದನ್ನ ಕೈಯಾಗ ಹಿಡದ ಕೂಡಲೇ ನಮ್ಮ ಮಾವನವರು ನೆನಪಾದ್ರು. ಅವರ ಬೆನ್ನ ಹಿಂದ ನನ್ನ ಹಳೇ ಸಿಟ್ಟೂ ಬಂತು. ನಲವತ್ತು ವರ್ಷ ಆದ್ರೂ ಅದು ಇನ್ನೂ ಸವದಿಲ್ಲ.

ಮಾವನವರು ಅಂದ್ರ ನನ್ನ ಗಂಡನ ತಂದಿ. ಹಾನಗಲ್ ಕಚೇರಿಯೊಳಗ ಶಿರಸ್ತೇದಾರಕಿ ಮಾಡಿ ಪೆನ್ಶನ್ ತಗೊಂಡವರು. ನಾನು ಸವಣೂರಿನಿಂದ ಆ ಮನಿಗೆ ಸೊಸಿಯಾಗಿ ಬಂದಾಗ ಯುದ್ಧ ಸುರು ಆಗಿತ್ತು, ಚಿಮಣಿ ಎಣ್ಣಿ ಅಳದು ಕೊಡತಿದ್ರು. ಅತ್ತಿಯವರು ಅದಕ್ಕೂ ಮೊದಲ ತೀರಿಕೊಂಡಿದ್ರು. ಮನಿಯೊಳಗ ಮೂರ ಮಂದಿ, ಮಾವನವರು, ನಮ್ಮವರು, ನಾನು. ನಮ್ಮವರು ಸಾಲಿ ಮಾಸ್ತರು. ಗಂಡನ ಹೆಸರು ಹೇಳೋ ರೂಢಿ ನನಗಿಲ್ಲ, ಅದಕ್ಕ ನಮ್ಮವರು ಅಂತನ ಬರೀತೇನಿ.

ಆ ಮನಿಯೊಳಗ ಮಾವ ಸೊಸಿ ಎದುರಾಬದುರು ಮಾತಾಡೋ ಪದ್ಧತಿ ಇರಲಿಲ್ಲ. ಮಾವನವರಿಗೆ ನೀರು ಬೇಕಾದ್ರ ಪಡಸಾಲಿ ಕಂಬದ ಕಡೆ ನೋಡಿ, "ನೀರು ಬಂದಿಲ್ಲ ಅಂತ ಕಾಣಸ್ತದ" ಅಂತಿದ್ರು. ನಾನು ಅಡಗಿಮನಿ ಬಾಗಿಲ ಹಿಂದ ನಿಂತು ಬಳಿ ಸಪ್ಪಳ ಮಾಡಿದ್ರ ಕೇಳಿತು ಅಂತ ಅರ್ಥ. ಉದ್ದ ಮಾತಿದ್ರ ನಮ್ಮವರ ಬಾಯಿಂದ ಹೇಳಸ್ತಿದ್ರು. ಮೊದಮೊದಲ ಇದು ಮರ್ಯಾದಿ ಅಂತ ತಿಳಕೊಂಡಿದ್ದೆ. ವರ್ಷ ತುಂಬೋದರೊಳಗ, ಆ ಮನಿಯೊಳಗ ಕಂಬಕ್ಕ ಇದ್ದಷ್ಟು ಕಿಮ್ಮತ್ತು ನನಗ ಇಲ್ಲ ಅಂತ ಗೊತ್ತಾತು.

ಚಳಿಗಾಲ ಬಂತಂದ್ರ ಮಾವನವರಿಗೆ ತಿರುಗೋ ಹುಚ್ಚು ಹಿಡೀತಿತ್ತು. ಸುಗ್ಗಿ ಮುಗದು, ಹುಲ್ಲು ಒಣಗಿ, ಹಳೇ ಶಾಸನದ ಕಲ್ಲು ಕಣ್ಣಿಗೆ ಬೀಳೋ ದಿವಸ ಅವು. ರವಿವಾರ ನಸುಕಿನ್ಯಾಗ ಹೊರಟು, ಒಂದೆರಡು ಹರದಾರಿ ನಡದು, ಯಾವುದೋ ಹಾಳು ಗುಡಿ ಮುಂದ ಬಿದ್ದ ಕಲ್ಲಿಗೆ ಸುಣ್ಣದ ಪುಡಿ ತಿಕ್ಕಿ, ನಾಲ್ಕು ಸಾಲು ಓದಿ, ದೀಪ ಹಚ್ಚೋದರೊಳಗ ಮನಿಗೆ ವಾಪಸ್ ಬರೋದು. ಆ ನಾಲ್ಕು ಸಾಲಿನಿಂದ ಯಾರಿಗೆ ಏನು ಉಪಯೋಗ ಆತೋ ಆ ಕಲ್ಲಿಗೇ ಗೊತ್ತು. ಸಂಗಡ ನಮ್ಮವರು ಹೋಗಲೇಬೇಕು.

ಇಷ್ಟಕ್ಕ ಎಂಥಾ ತಯಾರಿ ಅಂತೀರಿ! ಕಾಶಿಗೆ ಹೊರಟವರೂ ಅಷ್ಟು ಗದ್ದಲ ಮಾಡತಿರಲಿಲ್ಲ.

ಅವರದೊಂದು ಯಾದಿ ಇತ್ತು. ಕಚೇರಿಯ ನೀಲಿ ಕಾಗದದ ಮ್ಯಾಲೆ, ಮರಾಠಿ ಮೋಡಿ ಅಕ್ಷರದಾಗ, ಒಂದರ ಕೆಳಗೊಂದು ಸಾಮಾನು, ಪ್ರತಿಯೊಂದರ ಮುಂದ ತೂಕ. ನನಗ ಮೋಡಿ ಬರತಿರಲಿಲ್ಲ. ಶನಿವಾರ ಸಂಜಿಗೆ ನಮ್ಮವರು ಪಡಸಾಲಿಯೊಳಗ ಕೂತು ಒಂದೊಂದ ಸಾಲು ಕನ್ನಡದಾಗ ಓದಬೇಕು. ನಾನು ಒಳಗಿಂದ ಒಂದೊಂದ ಸಾಮಾನು ತಂದು ಹೊಸ್ತಿಲದ ಮ್ಯಾಲೆ ಇಡಬೇಕು. ಮಾವನವರು ಅದನ್ನ ತಕ್ಕಡಿಯೊಳಗ ತೂಗಿ ಆ ಕಡೆ ಇಡಬೇಕು. ಬರದದ್ದಕ್ಕಿಂತ ಒಂದು ತೊಲಿ ಹೆಚ್ಚಾದ್ರೂ ವಾಪಸ್. "ಮುಂಜಾನೆ ಹಗುರ ಅನಸಿದ್ದು ಸಂಜಿಗೆ ಬೆನ್ನು ಮುರೀತದ" ಅಂತ ಕಂಬಕ್ಕ ಹೇಳತಿದ್ರು.

ಕರಿ ಕಂಬಳಿ ಬೇಕು, ಯಾಕಂದ್ರ ಅದು ಮಡಿಗೂ ನಡೀತದ, ಮಂಜಿಗೂ ನಡೀತದ. ಒಣ ಧೋತರ ಎರಡು, ಮೇಣದ ಬಟ್ಟಿಯೊಳಗ ಸುತ್ತಿದ್ದು. ಇಬ್ಬನಿಯೊಳಗ ಉಟ್ಟದ್ದು ತೊಯ್ದ್ರ ಬದಲಸಲಿಕ್ಕೆ ಅವು. ಕಡ್ಡಿಪೆಟಗಿ ತವರದ ಡಬ್ಬಿಯೊಳಗ, ಡಬ್ಬಿ ಬಾಯಿಗೆ ಮೇಣ, ಆ ಡಬ್ಬಿ ಗಂಟಿನ ಎಡಗಡೆನ ಇರಬೇಕು. ಅಪ್ಪಿತಪ್ಪಿ ಬಲಗಡೆ ಇಟ್ಟೆನೋ, ಕಂಬಕ್ಕ ಅರ್ಧಾತಾಸು ಉಪದೇಶ. ಮುಳ್ಳು ತಗೀಲಿಕ್ಕೆ ಚಿಮಟ, ಗಾಯಕ್ಕ ಅರಿಷಿಣಪುಡಿ, ಹಳೇ ಪಂಚೆಯ ಪಟ್ಟಿ, ಬಾವಿಯಿಂದ ನೀರು ಸೇದಲಿಕ್ಕೆ ಹಗ್ಗ, ತಾಮ್ರದ ತಂಬಿಗಿ, ಅಂಗೈಯಷ್ಟು ಬೆಲ್ಲ. ಚಪ್ಪಲಿ ಹರದ್ರ ಬೇಕಂತ ದಬ್ಬಣ ಮತ್ತ ಚರ್ಮದ ಬಾರು, ಅವು ಮಾತ್ರ ಮೈಲಿಗಿ, ಊರಿಕೊಳ್ಳೋ ಬಡಗಿ ತುದಿಗೆ ಬ್ಯಾರೆ ಕಟ್ಟಬೇಕು. ಬುತ್ತಿಗೆ ದಪಾಟಿ ರೊಟ್ಟಿ ಎಂಟು, ಹಾಲಿನ್ಯಾಗ ನಾದಿದ್ದು. ನೀರಾಗ ನಾದಿದ್ರ ಮುಸುರಿ ಆಗ್ತದ, ಮಡಿಯವರು ಹಾದಿಯೊಳಗ ಮುಟ್ಟಂಗಿಲ್ಲ. ಕಟ್ಟಕಡೀಕ, ಹಿತ್ತಾಳಿ ಬಟ್ಟಲ ಎರಡು.

ನಿಯಮ ಬ್ಯಾರೆ. ಬೆವರು ಬರೋದಕ್ಕಿಂತ ಮೊದಲ ಕೋಟು ತಗೀಬೇಕಂತ, ಚಳಿ ಹತ್ತೋದಕ್ಕಿಂತ ಮೊದಲ ಹಾಕ್ಕೋಬೇಕಂತ. ಮಧ್ಯಾಹ್ನ ತಿರುಗಿದ ಮ್ಯಾಲೆ ನಿಮ್ಮ ನೆರಳು ನಿಮ್ಮಷ್ಟು ಉದ್ದ ಆತಂದ್ರ, ಗುಡಿ ಹತ್ತು ಹೆಜ್ಜಿ ಮುಂದ ಕಾಣಲಿಕ್ಕತ್ತಿದ್ರೂ ಅಲ್ಲಿಂದನ ಹಿಂದ ತಿರುಗಬೇಕಂತ. ಅದೂ ಸಾಲದು ಅಂತ ಹೋಗೋಮುಂದ ತಲಬಾಗಿಲದ ಒಳಮೈಗೆ ಸುಣ್ಣದ ಖಡುಲೆ ದಾರಿ ಬರದು ಹೋಗತಿದ್ರು. ಇದು ಕನ್ನಡದಾಗ, ಹುಡುಕಲಿಕ್ಕೆ ಹೋಗೋ ಮಂದಿಗೆ ತಿಳೀಲಿ ಅಂತ. ಯಾವ ಏರಿ, ಯಾವ ಬಾವಿ, ಯಾವ ಗುಡ್ಡ, ಮತ್ತ ಕೆಳಗ, "ದೀಪ ಹಚ್ಚೂತನಕ ಬರದಿದ್ರ ಇದೇ ದಾರಿಲೆ ಮಂದಿ ಕಳಸಬೇಕು." ಹುಲಿಬ್ಯಾಟಿಗೆ ಹೊರಟವರೂ ಇಷ್ಟು ಬರದಿರಲಿಕ್ಕಿಲ್ಲ. ಹೋಗೋದು ಕಡ್ಲಿ ಹೊಲ ದಾಟಿ ಒಂದು ಕಲ್ಲು ನೋಡಲಿಕ್ಕೆ!

ನಾನು ಒಳಗ ಸೆರಗು ಬಾಯಿಗೆ ಹಿಡಕೊಂಡು ನಗತಿದ್ದೆ. ಒಮ್ಮೊಮ್ಮೆ ಹೊರಗ ಕೇಳಲಿ ಅಂತನ ಸೆರಗು ಸಡಲ ಬಿಡತಿದ್ದೆ. ನಮ್ಮವರು ಓದೋದು ಒಂದು ಕ್ಷಣ ನಿಲ್ಲತಿತ್ತು, ತಕ್ಕಡಿ ಸಪ್ಪಳನೂ ನಿಲ್ಲತಿತ್ತು, ಆಮ್ಯಾಲೆ ಮತ್ತ ಸುರು ಆಗತಿತ್ತು. ಯಾಕ ನಗಬಾರದು ಹೇಳ್ರಿ? ಅಷ್ಟೆಲ್ಲಾ ಶಾಣ್ಯಾತನ ಹೇಳೋ ಮನಷ್ಯಾ ತನ್ನ ಕೈಲೆ ಒಂದು ಗಂಟು ಕಟ್ಟಿದವರಲ್ಲ. ಬ್ರಾಹ್ಮೀ ಮುಹೂರ್ತಕ್ಕ ಎದ್ದು, ತಣ್ಣೀರು ಹೊಯ್ಕೊಂಡು, ಮಡಿ ಉಟ್ಟು, ನಡಗಿಕೋತ ದಪಾಟಿ ಬಡಿಯೋ ಕೈ ನಂದು. ಬಿಸಲಾಗ ನಡದು ಬಂದವರ ಕಾಲಿಗೆ ಬಿಸಿನೀರು ಇಡೋ ಕೈನೂ ನಂದ. ಯಾದಿಯೊಳಗ ಆ ಕೈಗೆ ಒಂದು ಸಾಲು ಇರಲಿಲ್ಲ.

ಆದ್ರ ನನ್ನ ಖರೇ ಸಿಟ್ಟು ಇದಕ್ಕಲ್ಲ. ನಮ್ಮವರಿಗೆ ಉಬ್ಬಸ ಇತ್ತು. ಚಳಿ ಬಿದ್ದ ಕೂಡಲೇ ಎದಿಯೊಳಗ ಸಿಳ್ಳು ಹಾಕಿಧಂಗ ಸುರು ಆಗತಿತ್ತು, ಮಂಜಿನ್ಯಾಗ ನಾಕು ಹೆಜ್ಜಿ ನಡದ್ರ ಭುಜ ಮ್ಯಾಲೆ ಏರತಿದ್ವು. ಮಾವನವರಿಗೆ ಅದು ರೋಗ ಅಲ್ಲ, ಮೆತ್ತಗತನ. "ಮಂಜಿನ್ಯಾಗ ನಡದ್ರ ಎದಿ ಗಟ್ಟಿ ಆಗ್ತದ" ಅಂತ ಅವರ ಸಿದ್ಧಾಂತ. ನಮ್ಮವರು ತಂದಿಯ ಎದುರು ಒಂದ ಮಾತು ಆಡಿದವರಲ್ಲ. ಅವರ ಬಗ್ಗೆನೂ ನನಗ ಆಗ ಭಾಳ ಗೌರವ ಇತ್ತು ಅಂತ ಹೇಳಲಾರೆ.

ಒಂದು ದೀಪಾವಳಿಗೆ ತೌರಮನಿಗೆ ಸವಣೂರಿಗೆ ಹೋದಾಗ ಹಿಂದಿನ ಓಣಿಯ ಹಕೀಮ ಸಾಹೇಬರ ಹತ್ರ ಅಪ್ಪ ನನ್ನನ್ನ ಕರಕೊಂಡು ಹೋದ್ರು. ಎಲ್ಲಾ ಕೇಳಿಕೊಂಡು ಅವರು ಒಂದು ತಗಡಿನ ಡಬ್ಬಿ ಕೊಟ್ರು. ಉಮ್ಮತ್ತಿ ಎಲಿ ಒಣಗಿಸಿ, ಪೆಟ್ಲುಪ್ಪು ಹಾಕಿ ಕುಟ್ಟಿದ ಪುಡಿ. "ದಮ್ಮು ಹತ್ತಿತಂದ್ರ ಒಂದ ಚಿಮಟಿ ಸುಟ್ಟು ಹೊಗಿ ಒಳಗ ತಗೊಳ್ಳಾಕ ಹೇಳ್ರಿ ಬೇಟಿ. ಜಾಸ್ತಿ ಬ್ಯಾಡ, ಅದು ಇಷ" ಅಂದ್ರು. "ಹೊರಗ ಹೋಗೋಮುಂದ ಇದನ್ನ ಮರೀಬ್ಯಾಡ್ರಿ, ನೋಡ್ರಿ ಮತ್ತ." ಮನಿಯೊಳಗ ಎರಡು ಸಲ ಸುಟ್ಟೆ, ಎರಡೂ ಸಲ ತಾಸಿನೊಳಗ ನಮ್ಮವರಿಗೆ ಉಸಿರು ತಿರುಗಿತು. ಮಾವನವರು ಕಂಬಕ್ಕ, "ಎಂಥಾದೋ ಹೊಲಸು ಹೊಗಿ ವಾಸನಿ" ಅಂದ್ರು, ಅಷ್ಟ.

ಆ ಪುಷ್ಯಮಾಸದಾಗ ಒಂದು ರವಿವಾರ ಏಕಾದಶಿ ಬಂತು. ನಮ್ಮದು ವೈಷ್ಣವರ ಮನಿ, ಏಕಾದಶಿ ಅಂದ್ರ ನೀರೂ ಇಲ್ಲ. ಯಾರರೆ ಆ ದಿವಸ ಗುಡ್ಡ ತಿರುಗಲಿಕ್ಕೆ ಹೋಗತಾರೇನು? ನಮ್ಮ ಮಾವನವರು ಹೋಗತಾರ! ದಪಾಟಿ ಇಲ್ಲ, ಬಟ್ಟಲ ಇಲ್ಲ, ತಂಬಿಗಿಯೊಳಗ ನೀರು ತುಂಬೋದಿಲ್ಲ, ಗಂಟು ಅರ್ಧಕ್ಕರ್ಧ ಹಗುರ, ಅಂದಮ್ಯಾಲೆ ಆ ದಿವಸ ಎಲ್ಲಾದಕ್ಕಿಂತ ದೂರದ ಕಲ್ಲಿಗೆ ಹೋಗಬಹುದು. ಇದು ಅವರ ಲೆಕ್ಕ. ಹಂಸಭಾವಿ ಕಡೆ ಜೋಡಗುಡ್ಡದ ಆಚೆ ಒಂದು ಹಾಳು ಗುಡಿ ಅದ ಅಂತ ಯಾರೋ ಹೇಳಿದ್ರು, ಮೂರು ಹರದಾರಿ. ಇಂಥಾ ತಪ್ಪು ಮಾಡಲಿಕ್ಕೆ ಶಾಸ್ತ್ರನೂ ಬರಬೇಕು, ತಕ್ಕಡಿನೂ ಬೇಕು.

ನಾನು ನಸುಕಿನ್ಯಾಗ ಹಕೀಮರ ಡಬ್ಬಿಯನ್ನ ಕಂಬಳಿ ಮಡಿಕಿಯೊಳಗ ಸೇರಿಸಿ ಗಂಟು ಕಟ್ಟಿದೆ. ಮಾವನವರು ಗಂಟು ಎತ್ತಿ ನೋಡಿದವರು ಮತ್ತ ಬಿಚ್ಚಿದ್ರು. ತಕ್ಕಡಿ ಸಪ್ಪಳ ಕೇಳಿತು. "ಯಾದಿಯೊಳಗ ಇಲ್ಲದ್ದು ಗಂಟಿನ್ಯಾಗ ಹೆಂಗ ಬಂತು? ಎಂಟು ತೊಲಿ!" ಅಂದ್ರು. ಹೇ ದೇವರೇ, ಈಗಾದ್ರೂ ಬಾಯಿ ತಗೀಲಿ ಅಂತ ನಾನು ಬಾಗಿಲ ಹಿಂದಿಂದ ನಮ್ಮವರ ಬೆನ್ನು ನೋಡಿಕೋತ ನಿಂತೆ. ಆ ಬೆನ್ನು ಸುಮ್ಮನ ಬಗ್ಗಿ ಚಪ್ಪಲಿ ಮೆಟ್ಟಿಕೊಂಡಿತು. ಮಾವನವರು ಖಡುಲೆ ಬಾಗಿಲದ ಮ್ಯಾಲೆ ದಾರಿ ಬರದ್ರು. ಇಬ್ಬರೂ ಹೊರಟುಹೋದ್ರು.

ಡಬ್ಬಿ ನಮ್ಮವರ ಕಿಸೇದಾಗ ಹೋಗಿರಬೇಕು ಅಂತ ನಾನು ತಿಳಕೊಂಡೆ. ಬಿಸಲು ಇಲ್ಲದ ಮೋಡದ ದಿವಸ, ಗಾಳಿ ಬಿಟ್ಟಿತ್ತು. ದೇವರಮನಿ ಕೆಲಸ ಮುಗಿಸಿ ಪಡಸಾಲಿ ಕಸ ಹೊಡೀಲಿಕ್ಕೆ ಬಂದೆ. ಗೋಡಿಯ ಗೂಡಿನ್ಯಾಗ ಡಬ್ಬಿ ಕೂತಿತ್ತು. ಎಷ್ಟು ನೆಟ್ಟಗ ಇಟ್ಟಿದ್ರಂತೀರಿ! ಕೆಳಗೊಂದು ಕಾಗದದ ಚೂರು, ಅದರ ಮ್ಯಾಲೆ ಅಂಕಿ, ಎಂಟು ತೊಲಿ. ಖಾಲಿ ಹೊಟ್ಟಿ, ಒಣಗಿದ ಗಂಟಲ, ತಣ್ಣನ ಗಾಳಿ, ಮೂರು ಹರದಾರಿ... ಈ ಮನಷ್ಯಾ ಸಂಜಿಗೆ ಮಗನ್ನ ನಡಸಿಕೊಂಡು ಬರತಾನೋ, ಹೊತ್ತುಕೊಂಡು ಬರತಾನೋ ಅನಸಿತು. ಏಕವಚನನ ಬಂತು ಬಾಯಿಗೆ.

ಕಳಸಲಿಕ್ಕೆ ಯಾರೂ ಇರಲಿಲ್ಲ. ಓಣಿಯ ಗಂಡಸರು ಏಕಾದಶಿ ಭಜನಿಗೆ ಹೋಗಿದ್ರು. ನಾನು ಅಲ್ಲೀತನಕ ಕೆರಿ ಏರಿ ದಾಟಿ ಒಬ್ಬಾಕಿನ ಹೋದಾಕಿ ಅಲ್ಲ. ಡಬ್ಬಿ ಸೆರಗಿನ್ಯಾಗ ಗಂಟು ಹಾಕಿಕೊಂಡೆ. ಅತ್ತಿಯವರ ಹಳೇ ಚಪ್ಪಲಿ ಇದ್ವು, ಮೆಟ್ಟಿಕೊಂಡೆ. ಇನ್ನೊಂದು ಕಂಬಳಿ ಮತ್ತ ಒಂದು ಉಂಡಿ ಬೆಲ್ಲ ತಗೊಂಡೆ. ನೋಡ್ರಿ, ಆ ಸಿಟ್ಟಿನ್ಯಾಗೂ ನನ್ನ ಕೈ ಅವರ ಯಾದಿಯ ಪ್ರಕಾರನ ನಡೀಲಿಕ್ಕತ್ತಿತ್ತು! ಬಾಗಿಲ ಎಳಕೊಳ್ಳೋಮುಂದ ಅವರು ಬರದದ್ದನ್ನ ಎರಡು ಸಲ ಓದಿದೆ. ಕೆರಿ ಏರಿ, ಹುಣಸಿಮರದ ಬಾವಿ, ಜೋಡಗುಡ್ಡದ ನಡುವಿನ ದಾರಿ, ಹಾಳು ಗುಡಿ. ಖಡು ಅಲ್ಲೇ ಬಿದ್ದಿತ್ತು. ಕೆಳಗ ಬರದೆ, "ನಾನೂ ಇದೇ ದಾರಿಲೆ."

ಇಲ್ಲಿ ಒಂದು ಮಾತು ಹೇಳಿಬಿಡತೇನಿ, ಇಷ್ಟು ವರ್ಷ ಯಾರಿಗೂ ಹೇಳಿಲ್ಲ. ಆ ದಾರಿ ನಡಿಯೋಮುಂದ ನನಗ ಖುಷಿ ಆಗಿತ್ತು. ಗಂಡ ಎಲ್ಲೋ ಉಸಿರಿಗೆ ಒದ್ದಾಡಲಿಕ್ಕತ್ತಾನ, ಗೊತ್ತದ, ಆದ್ರೂ ಖುಷಿ. ಏರಿ ದಾಟಿದ ಮ್ಯಾಲೆ ಮೈಮ್ಯಾಲೆ ಗಾಳಿ, ಎರಡೂ ಕಡೆ ಕುಸುಬಿ ಹೂವು, ಕಡ್ಲಿ ಹೊಲದ ಹುಳಿ ವಾಸನಿ. ನನ್ನ ಕಾಲು ಅಷ್ಟು ಜೋರಾಗಿ ನಡೀತಾವ ಅಂತ ನನಗ ಗೊತ್ತೇ ಇರಲಿಲ್ಲ. ಇದನ್ನೇನು ಈ ಮುದುಕ ಇಷ್ಟು ವರ್ಷ ಒಬ್ಬನ ತಿಂದದ್ದು ಅನಸಿ ಮತ್ತ ಸಿಟ್ಟು ಬಂತು. ಹುಣಸಿಮರದ ಬಾವಿ ಹತ್ರ ಬೆಲ್ಲ ಬಾಯಿಗೆ ಹಾಕ್ಕೊಂಡೆ. ಏಕಾದಶಿ ಮುರೀತು. ಆಕಾಶ ಏನು ಕಳಚಿ ಬೀಳಲಿಲ್ಲ.

ಬಾವಿ ಆಚೆ ಹತ್ತಿ ಬಿಡಸಲಿಕ್ಕತ್ತಿದ್ದ ಹೆಣ್ಣಮಗಳನ್ನ ಕೇಳಿದೆ. "ಹೌದ್ರೀ ಯವ್ವಾ, ಮುಂಜಾನೆ ಇಬ್ರು ಹೋದ್ರು" ಅಂದ್ಲು. "ವಯಸ್ಸಾದವ್ರು ಮುಂದ ಮುಂದ ಹೊಂಟಿದ್ರು. ಸಣ್ಣವ್ರು ಕುಂತು ಕುಂತು ಏಳಾಕತ್ತಿದ್ರು ನೋಡ್ರಿ, ಹತ್ತು ಹೆಜ್ಜಿಗೊಮ್ಮೆ. ನೀವೊಬ್ರ ಹೊಂಟೀರೇನು? ತಡೀರಿ, ಒಂದೀಟು ನೀರ ಕುಡೀರಿ." ಅವಳ ಮಣ್ಣಿನ ಕೊಡದ ನೀರು ಕುಡದೆ. ಮಡಿನೂ ಹೋತು. ಆಮ್ಯಾಲೆ ಓಡಲಿಕ್ಕೆ ಸುರು ಮಾಡಿದೆ.

ಗುಡಿ ಮುಂದ ನಾನು ಕಂಡದ್ದನ್ನ ಸಾಯೂತನಕ ಮರಿಯೋದಿಲ್ಲ. ನಮ್ಮವರು ಕಟ್ಟಿ ಮ್ಯಾಲೆ ಮುಂದಕ್ಕ ಬಗ್ಗಿ ಎರಡೂ ಕೈ ಮೊಣಕಾಲಿಗೆ ಊರಿ ಕೂತಿದ್ರು, ತುಟಿ ನೀಲಿಗಟ್ಟಿತ್ತು, ಆ ಸಿಳ್ಳಿನ ಸಪ್ಪಳ ದೂರದಿಂದನ ಕೇಳಸತಿತ್ತು. ಎರಡೂ ಒಣ ಧೋತರ ಅವರಿಗೆ ಸುತ್ತಿತ್ತು, ಕಂಬಳಿ ಹೊಚ್ಚಿತ್ತು. ಮಾವನವರು ಗಂಟು ಪೂರ್ತಿ ಬಿಚ್ಚಿ ಹಾಸುಗಲ್ಲಿನ ಮ್ಯಾಲೆ ಎಲ್ಲಾ ಸಾಮಾನು ಸಾಲಾಗಿ ಇಟ್ಟಿದ್ರು, ಚಿಮಟ, ಅರಿಷಿಣಪುಡಿ, ಹಗ್ಗ, ದಬ್ಬಣ. ಯಾದಿ ಕೈಯಾಗ ಹಿಡಕೊಂಡು ಮ್ಯಾಲಿಂದ ಕೆಳಗ ಓದಲಿಕ್ಕತ್ತಿದ್ರು. ಮುಗದ ಕೂಡಲೇ ಮತ್ತ ಮ್ಯಾಲಿಂದ... ಆ ಕಾಗದದಾಗ ಎಲ್ಲೋ ಒಂದು ಕಡೆ ಮಗನ ಉಸಿರು ಬರದಿರಬೇಕು ಅಂತ ಹುಡುಕೋರಂಗ.

ನಾನು ಸೆರಗು ಬಿಚ್ಚಿ ಡಬ್ಬಿ ತಗದೆ. ಮಾವನವರು ನನ್ನ ನೋಡಿದ್ರು, ಡಬ್ಬಿ ನೋಡಿದ್ರು. ಅಲ್ಲಿ ಕಂಬ ಇದ್ವು, ಗುಡಿ ತುಂಬ ಕಂಬ. ಆದ್ರ ಅವರು ನನ್ನ ಮಾರಿ ನೋಡಿಕೋತನ ಅಂದ್ರು, "ಕಡ್ಡಿಪೆಟಗಿ ಎಡಗಡೆ ಅದ, ನೋಡು."

ಅಷ್ಟ. ಮದಿವ್ಯಾಗಿ ಬಂದಾಗಿಂದ ಅವರು ಹೋಗೂತನಕ ನನಗ ನೇರ ಆಡಿದ ಮಾತು ಇದೊಂದ. ಗಂಟು ಬಿಚ್ಚಿ ಹರಡಿ ಆಗಿತ್ತು, ಎಡ ಎಲ್ಲಿ ಬಲ ಎಲ್ಲಿ! ಆದ್ರ ಕಡ್ಡಿಪೆಟಗಿ ಡಬ್ಬಿ ಎಡಗಡೆನ ಇತ್ತು. ಮೇಣ ಒಡದು ಕಡ್ಡಿ ಗೀರಿದೆ, ಮೊದಲನೇದಕ್ಕ ಹತ್ತಿತು. ಹಂಚಿನ ಚೂರಿನ ಮ್ಯಾಲೆ ಪುಡಿ ಸುಟ್ಟು, ನಮ್ಮವರ ತಲಿ ಮ್ಯಾಲೆ ಕಂಬಳಿ ಮುಚ್ಚಿದೆ, ಹೊಗಿ ಹೊರಗ ಹೋಗಬಾರದಂತ. ಕಂಬಳಿಯ ಒಂದು ಅಂಚು ನಾನು ಹಿಡದಿದ್ದೆ, ಇನ್ನೊಂದು ಅಂಚು ಮಾವನವರು ಹಿಡದಿದ್ರು. ಎಷ್ಟೊತ್ತು ಹಂಗ ನಿಂತಿದ್ವೋ... ಮೋಡದ ದಿವಸ, ನೆರಳ ಇರಲಿಲ್ಲ. ನೆರಳು ಅಳದು ಹೊತ್ತು ಹೇಳೋ ಶಾಣ್ಯಾ ಮನಷ್ಯಾಗ ಆ ದಿವಸ ಹೊತ್ತು ಎಷ್ಟಾತಂತ ಗೊತ್ತಾಗಲಿಲ್ಲ. ಸಿಳ್ಳು ಸಾವಕಾಶ ಸಣ್ಣದಾತು. ನಮ್ಮವರು ಕಂಬಳಿಯೊಳಗಿಂದ ಮಾರಿ ಹೊರಗ ಹಾಕಿ ನನ್ನ ಕಂಡು, "ನೀ ಹೆಂಗ ಬಂದಿ?" ಅಂದ್ರು. ನಾನು ಅಳಲಿಕ್ಕೆ ಸುರು ಮಾಡಿದೆ.

ವಾಪಸ್ ಬರೋಮುಂದ ನಮ್ಮವರು ನನ್ನ ಭುಜ ಹಿಡಕೊಂಡು ನಡದ್ರು. ಮಾವನವರು ಗಂಟು ತಾವ ಕಟ್ಟಿ, ಎಂಥಾದೋ ಸೊಟ್ಟಪಟ್ಟ ಗಂಟು, ಹೆಗಲಿಗೆ ಹಾಕ್ಕೊಂಡು ಹತ್ತು ಹೆಜ್ಜಿ ಹಿಂದ ಬಂದ್ರು. ಹುಣಸಿಮರದ ಬಾವಿ ಬಂತು. ಅವರು ಹಗ್ಗ ಬಿಟ್ಟು ತಂಬಿಗಿ ತುಂಬ ನೀರು ಸೇದಿದ್ರು, ಕಟ್ಟಿ ಮ್ಯಾಲೆ ಇಟ್ರು, ಆ ಕಡೆ ಮಾರಿ ಮಾಡಿ ನಿಂತ್ರು. ಏಕಾದಶಿ ದಿವಸ! ನಮ್ಮವರು ಕುಡದ್ರು, ನಾನೂ ಕುಡದೆ. ಅವರು ಮುಟ್ಟಲಿಲ್ಲ. ಅವರಿಗೆ ಅವರ ಏಕಾದಶಿ ಇತ್ತಲ್ಲ.

ದೀಪ ಹಚ್ಚೋದರೊಳಗ ಮನಿ ಮುಟ್ಟಿದ್ವಿ. ಒಳಗ ಬಂದು ಬಾಗಿಲ ಹಾಕೋಮುಂದ ಮಾವನವರು ನಾನು ಬರದ ಸಾಲು ನೋಡಿದ್ರು. ಭಾಳ ಹೊತ್ತು ನೋಡಿದ್ರು. ಈಗ ಬೈತಾರ, ಸೊಸಿ ಒಬ್ಬಾಕಿನ ಮನಿ ಬಿಟ್ಟು ಹೋದ್ಲು ಅಂತ ಕಂಬಕ್ಕ ಫಿರ್ಯಾದಿ ಹೇಳತಾರ ಅಂತ ತಯಾರಾಗಿ ನಿಂತೆ. ನನ್ನ ಹತ್ರ ಉತ್ತರ ಇದ್ವು, ಒಂದಲ್ಲ ಹತ್ತು. ಅವರು ಒದ್ದಿ ಪಂಚೆಲೆ ಎರಡೂ ಸಾಲು, ಅವರದೂ ನಂದೂ, ಒರಿಸಿಬಿಟ್ರು. ತಪ್ಪಾತು ಅನ್ನೋ ಮಾತು ನಾನು ಎಂಟು ದಿವಸ ಕಾದೆ. ಬರಲಿಲ್ಲ.

ಮುಂದಿನ ಸಲ ಹೊರಟಾಗ ಯಾದಿ ಹೊಸದಾಗಿ ಬರದಿತ್ತು. ನಮ್ಮವರು ಓದಿದ್ರು. "ಒಣ ಧೋತರ, ಒಂದು." ಒಂದು ಕಮ್ಮಿ ಆಗಿತ್ತು. ಆಮ್ಯಾಲೆ "ಹಕೀಮರ ಡಬ್ಬಿ, ಎಂಟು ತೊಲಿ." ನಾನು ಒಳಗ ಜೋರಾಗೇ ನಕ್ಕೆ. ಗಂಡನ ಜೀವಕ್ಕ ಕಡೀಕೂ ಆ ಮನಿಯೊಳಗ ಎಂಟು ತೊಲಿ ಜಾಗ ಸಿಕ್ಕಿತು ಅಂತ. ಓದೋದು ನಿಂತಿತು. ಆಮ್ಯಾಲೆ ಮತ್ತ ಸುರು ಆತು. "ದಪಾಟಿ, ಹನ್ನೆರಡು. ಬಟ್ಟಲ, ಮೂರು."

ಮುದುಕಗ ದೊಡ್ಡಸ್ತಿಕಿ ಬಂತು, ಹಾದಿಯೊಳಗ ಯಾರೋ ಪಂಡಿತರು ಗಂಟುಬೀಳತಾರ, ಅವರಿಗೆ ಊಟಕ್ಕ ಹಾಕಬೇಕು ಅಂದ್ಕೊಂಡಾರ ಅಂತ ತಿಳಕೊಂಡೆ. ಹಿಟ್ಟು ತ್ರಾಸಿಲೆ ಸಿಗೋ ಕಾಲದಾಗ ಇನ್ನ ನಾಕು ದಪಾಟಿ! ಪಂಡಿತರೂ ಬರಲಿಲ್ಲ, ಪುಂಡರೂ ಬರಲಿಲ್ಲ. ಪ್ರತಿಸಲ ಸಂಜಿಗೆ ನಾಕು ದಪಾಟಿ ಹಂಗ ವಾಪಸ್ ಬರತಿದ್ವು, ನಾನು ಮುಂದಿನ ಮನಿಯ ಆಕಳಿಗೆ ಹಾಕತಿದ್ದೆ. ಮೂರನೇ ಬಟ್ಟಲ ಸ್ವಚ್ಛ ಬರತಿತ್ತು. ಸ್ವಚ್ಛ ಬಂದ್ರೇನು, ಮಡಿ ಮನಿ, ಹೊರಗ ಹೋಗಿ ಬಂದದ್ದನ್ನ ತಿಕ್ಕಲೇಬೇಕು. ತಿಕ್ಕೋಮುಂದ ನಮ್ಮವರಿಗೆ ಕೇಳೋಹಂಗ ಅಂತಿದ್ದೆ, "ನಿಮ್ಮಪ್ಪನ ಅತಿಥಿ ಇವತ್ತೂ ಉಣಲಿಲ್ಲೇನು?" ನಮ್ಮವರು ಒಮ್ಮೆ ನನ್ನ ನೋಡಿ, ಒಮ್ಮೆ ಬಟ್ಟಲ ನೋಡಿ, ಒಳಗ ಹೋಗತಿದ್ರು.

ಹಿಂಗ ಆರು ಚಳಿಗಾಲ. ಪ್ರತಿ ಶನಿವಾರ ಯಾದಿಯ ಕಡೀ ಸಾಲು ಓದಿ ಮುಗದ ಮ್ಯಾಲೆ ಮಾವನವರು ತಕ್ಕಡಿ ಕೆಳಗಿಟ್ಟು ಕಂಬದ ಕಡೆ ನೋಡಿ, "ಮತ್ತೇನರೆ ಅದಯೇನು ಅಂತ ಕೇಳು" ಅಂತಿದ್ರು. ಹಿಂದ ಹಂಗ ಕೇಳತಿರಲಿಲ್ಲ. ನಮ್ಮವರು ಒಳಗ ನೋಡಿ, "ಮತ್ತೇನರೆ ಅದಯೇನು?" ಅಂತಿದ್ರು. ನಾನು ಬಾಗಿಲ ಹಿಂದಿಂದ, "ಏನಿಲ್ಲ" ಅಂತಿದ್ದೆ. ಎಷ್ಟು ತಾತ್ಸಾರ ಮಾಡಿ ಅನ್ನಲಿಕ್ಕೆ ಬರತದೋ ಅಷ್ಟು ತಾತ್ಸಾರ ಮಾಡಿ. ಏಳನೇ ಚಳಿಗಾಲ ಬರೋದರೊಳಗ, ಒಂದು ಬ್ಯಾಸಿಗಿ, ನಾಕು ದಿವಸದ ಜ್ವರದಾಗ ಅವರು ಹೋದ್ರು. ನಾನು ಅತ್ತೆ ಖರೆ, ಆದ್ರ ಸೊಸಿ ಅಳಬೇಕಾಗತದ ಅಂತ ಅತ್ತೆ. ನಮ್ಮವರು ಮತ್ತ ಎಂದೂ ಗುಡ್ಡಕ್ಕ ಹೋಗಲಿಲ್ಲ. ಬಟ್ಟಲ ಟ್ರಂಕಿಗೆ ಹೋದ್ವು.

ನಮ್ಮವರು ಹಕೀಮರ ಪುಡಿ, ಆಮ್ಯಾಲೆ ಡಾಕ್ಟರ ಗುಳಗಿ ಅಂತ ಎಪ್ಪತ್ತರ ತನಕ ಬಾಳಿದ್ರು. ಹೋಗೋ ಹಿಂದಿನ ವರ್ಷ ಒಂದು ಮಧ್ಯಾಹ್ನ ಅವಲಕ್ಕಿ ಕೇಳಿದ್ರು. ಟ್ರಂಕಿನ್ಯಾಗ ಕೈಗೆ ಸಿಕ್ಕ ಹೊಸದರಂಥಾ ಮೂರನೇ ಬಟ್ಟಲದಾಗ ಹಾಕಿ ಕೊಟ್ಟೆ. ಅದನ್ನ ತಿರುಗಿಸಿ ನೋಡಿ ಸಣ್ಣಗ ನಕ್ಕರು.

"ಇದು ನಿನ್ನ ಬಟ್ಟಲ ಅಲ್ಲೇನು? ನನಗ ಯಾಕ ಕೊಟ್ಟಿ?"

"ನಂದು ಹೆಂಗ ಆತು? ನಿಮ್ಮಪ್ಪನ ಪಂಡಿತರದು."

"ಯಾ ಪಂಡಿತರು? ನೀ ಆ ದಿವಸ ಬಂದ ಮ್ಯಾಲೆ ಅಪ್ಪ ನಿನಗಂತ ಬರದದ್ದು. ಪ್ರತಿಸಲ ಬುತ್ತಿ ಬಿಚ್ಚಿದಾಗ ಮೂರೂ ಬಟ್ಟಲ ಇಡತಿದ್ರು, ಅದರಾಗ ನಿನ್ನ ನಾಕು ದಪಾಟಿ. ನಾವು ಉಂಡು ಆದ ಮ್ಯಾಲೆ ಹಂಗ ಕಟ್ಟತಿದ್ರು."

"ಮತ್ತ ಕರೀಲಿಲ್ಲ ಯಾಕ?"

"ಬುತ್ತಿ ಕಟ್ಟಾಕಿ ಆಕಿನ, ಲೆಕ್ಕ ಆಕಿಗೆ ತಿಳೀದ ಇರತದೇನು, ಮನಸಿದ್ರ ತಾನ ಬರತಾಳ ಅಂತಿದ್ರು" ಅಂದ್ರು ನಮ್ಮವರು. ಬಟ್ಟಲ ಕೆಳಗಿಟ್ಟು, "ಬಾಯಿಬಿಟ್ಟು ಕರೀಲಿಕ್ಕೆ ಅಂಜತಿದ್ರು. ಯಾದಿ ಓದೋಮುಂದ ನೀ ನಗತಿದ್ದೆಲ್ಲಾ, ಹೊರಗ ಕೇಳಸತಿತ್ತು."

ನಾನು ಆ ದಿವಸ ಇಬ್ಬರಿಗೂ ಬಾಯಿಗೆ ಬಂದಧಂಗ ಬೈದೆ, ಇದ್ದವರಿಗೂ ಹೋದವರಿಗೂ. ಈಗಲೂ ಬೈತೇನಿ. ಕಲ್ಲಿನ ಮ್ಯಾಲೆ ಸಾವಿರ ವರ್ಷದ ಹಿಂದಿನವರು ಬರದದ್ದನ್ನ ಓದಲಿಕ್ಕೆ ಬರತಿತ್ತು, ಬಾಗಿಲ ಹಿಂದ ನಿಂತ ಸೊಸಿಗೆ "ನೀನೂ ಬಾ" ಅನ್ನಲಿಕ್ಕೆ ಬರತಿರಲಿಲ್ಲ. ಎರಡ ಶಬ್ದ! ಅವಕ್ಕ ತೂಕರೆ ಎಷ್ಟಿತ್ತು? ಥೂ, ಎಂಥಾ ಹೇಡಿ ಮನಷ್ಯಾ. ಆದ್ರ ಬೈದು ಬೈದು ದಣದ ಮ್ಯಾಲೆ ನಂದೂ ನೆನಪಾಗತದ. "ಮತ್ತೇನರೆ ಅದಯೇನು" ಅಂತ ಆರು ಚಳಿಗಾಲ ಕೇಳಿಸಿದ್ರು. ನನಗ ಬೇಕಾಗಿತ್ತು. ಆ ಕುಸುಬಿ ಹೊಲ, ಆ ಗಾಳಿ, ಆ ಜೋರು ನಡಿಗಿ, ಎಲ್ಲಾ ಬೇಕಾಗಿತ್ತು. "ಏನಿಲ್ಲ" ಅಂದಾಕಿ ನಾನ.

ಮೊನ್ನೆ ಮೂರೂ ಬಟ್ಟಲ ತಿಕ್ಕಿ, ತೊಳದು, ಬಿಸಲಿಗೆ ಬೋರಲು ಹಾಕಿದೆ. ಕೆರಿ ಏರಿ ಈಗಲೂ ಅಲ್ಲೇ ಅದ, ನನ್ನ ಮೊಣಕಾಲು ಓಣಿ ತುದಿತನಕ ಬರೋದಿಲ್ಲ. ಆರು ಚಳಿಗಾಲ ನನ್ನ ಬುತ್ತಿ ನಾನ ಕಟ್ಟಿದೆ, ಹೊಸ್ತಿಲದ ಮ್ಯಾಲೆ ನಾನ ತಂದಿಟ್ಟೆ, ಬಾಗಿಲದಾಗ ನಿಂತು ನಾನ ಕಳಿಸಿದೆ. ಆಮ್ಯಾಲೆ ಒಳಗ ಹೋಗಿ ಕಸ ಹೊಡದೆ.